ರಷ್ಯದ ವಾಗ್ಗೇಯಕಾರನಿಗೆ ಮೈಸೂರಿನ ಆಶ್ರಯ

ಓಲೆಯ ಮೇಲೆ ಬರೆದಿಟ್ಟ ಕಾವ್ಯವು ನೂರಾರು ವರ್ಷ ಕತ್ತಲೆಯಲ್ಲಿ ಕಾದಿದ್ದು, ಯೋಗ್ಯನಾದ ಓದುಗನೊಬ್ಬನು ದೊರೆತೊಡನೆ ಮತ್ತೆ ಮಾತನಾಡಬಲ್ಲುದು. ಸಂಗೀತದ ಸ್ಥಿತಿ ಹಾಗಲ್ಲ. ಸ್ವರಲಿಪಿಯಲ್ಲಿ ಬರೆದಿಟ್ಟರೂ ಅದು ಕೃತಿಯ ಅಸ್ಥಿಪಂಜರ ಮಾತ್ರ. ನಡೆಯ ಹದ, ನಾದದ ತೂಕ, ಎಲ್ಲಿ ನಿಲ್ಲಬೇಕು, ಎಲ್ಲಿ ಸರಿಯಬೇಕು ಎಂಬ ಮರ್ಮ ಇವೆಲ್ಲವೂ ರಚಿಸಿದವನ ಕೈಯಿಂದ ಕೇಳುವವನ ಕಿವಿಗೆ ನೇರವಾಗಿ ದಾಟಬೇಕು. ದಾಟುವ ಮುನ್ನ ಆ ಕೈ ನಿಂತರೆ ಪರಂಪರೆಯೂ ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಂತುಹೋಗಲಿದ್ದ ಒಂದು ರಷ್ಯನ್ ಪರಂಪರೆಯನ್ನು ಮೈಸೂರಿನ ದೊರೆಯೊಬ್ಬರು ಉಳಿಸಿಕೊಟ್ಟರು. ಪಾಶ್ಚಾತ್ಯ ಸಂಗೀತಜ್ಞರು ಕೃತಜ್ಞತೆಯಿಂದ ನೆನೆಯುವ ಈ ಸಂಗತಿಯು ಮೈಸೂರು ಸೀಮೆಯಲ್ಲಿ ಸಾಕಷ್ಟು ಪ್ರಚಾರಕ್ಕೆ ಬಂದಿಲ್ಲ.

ಆ ವಾಗ್ಗೇಯಕಾರರ ಹೆಸರು ನಿಕೊಲಾಯ್ ಮೆಟ್ನರ್. ಅವರು ಹುಟ್ಟಿದ್ದು ಮಾಸ್ಕೋ ನಗರದಲ್ಲಿ, 1880ರ ಜನವರಿಯಲ್ಲಿ. ಅವರ ಪೂರ್ವಿಕರು ಜರ್ಮನ್ ಮೂಲದವರು. ಮಾಸ್ಕೋದ ಸಂಗೀತ ಮಹಾವಿದ್ಯಾಲಯದಲ್ಲಿ ಪಿಯಾನೊ ವಾದನವನ್ನು ಅಭ್ಯಸಿಸಿ 1900ರಲ್ಲಿ ಶಿಕ್ಷಣವನ್ನು ಮುಗಿಸಿದರು. ವಾದಕರಾಗಿ ಕೀರ್ತಿಯನ್ನು ಸಂಪಾದಿಸುವುದು ಅವರಿಗೆ ಕಷ್ಟವಿರಲಿಲ್ಲ. ಆದರೆ ಅವರ ಮನಸ್ಸು ರಚನೆಯ ಕಡೆಗೆ ಒಲಿದಿತ್ತು. ಪಿಯಾನೊಗಾಗಿ 14 ಸೊನಾಟಾಗಳು. ‘ಕಥೆಗಳು’ ಎಂಬ ಅರ್ಥದ ಹೆಸರನ್ನು ತಾವೇ ಕೊಟ್ಟ 38 ಕಿರುಕೃತಿಗಳು. ಪಿಯಾನೊ ಮತ್ತು ವಾದ್ಯವೃಂದಗಳು ಸಂವಾದ ನಡೆಸುವ ಕನ್ಚೆರ್ಟೊ ಎಂಬ ಪ್ರಕಾರದಲ್ಲಿ ಮೂರು ದೊಡ್ಡ ಕೃತಿಗಳು. ಪಿಟೀಲಿಗಾಗಿ ಮೂರು ಸೊನಾಟಾಗಳು. ಪುಷ್ಕಿನ್, ಗಯಟೆ ಮೊದಲಾದ ಮಹಾಕವಿಗಳ ಕವನಗಳಿಗೆ ಕೂಡಿಸಿದ ನೂರಕ್ಕೂ ಮೀರಿದ ಗೀತಸಂಯೋಜನೆಗಳು ಇವು ಅವರ ಜೀವಮಾನದ ಸಾಧನೆ.

ಅವರ ಕಾಲವು ಸಂಗೀತದ ತಳಹದಿಯೇ ಅಲುಗಾಡಿದ ಕಾಲ. ಅವರಿಗಿಂತ ಹಿರಿಯರಾದ ಸ್ಕ್ರಿಯಾಬಿನ್ ಹೊಸ ಸ್ವರಸಂಯೋಗಗಳನ್ನು ಹುಡುಕುತ್ತ, ಹಿಮಾಲಯದ ತಪ್ಪಲಿನಲ್ಲಿ ಪ್ರದರ್ಶಿಸಬೇಕಾದ ಒಂದು ಮಹಾಕೃತಿಯ ಕನಸನ್ನು ಕಾಣುತ್ತ, ಅದನ್ನು ಪೂರೈಸದೆಯೇ 1915ರಲ್ಲಿ ತೀರಿಕೊಂಡರು. ಕಿರಿಯರಾದ ಸ್ಟ್ರಾವಿನ್‌ಸ್ಕಿಯವರ ‘ವಸಂತದ ವಿಧಿ’ ಎಂಬ ನೃತ್ಯಕೃತಿ 1913ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಬಾರಿಗೆ ಪ್ರಯೋಗವಾದಾಗ ಸಭೆಯಲ್ಲಿ ಕೋಲಾಹಲವೇ ಎದ್ದಿತು. ನವ್ಯವಾದ ಈ ಪ್ರವಾಹವು ಕ್ರಮೇಣ ಯುರೋಪಿನ ಸಂಗೀತವನ್ನೆಲ್ಲ ಆವರಿಸಿತು. ಇದಕ್ಕೆ ಎದುರಾಗಿ ಈಜಿದವರಲ್ಲಿ ಮೆಟ್ನರ್ ಪ್ರಮುಖರು. 1935ರಲ್ಲಿ ಪ್ರಕಟವಾದ ‘ಕಲಾದೇವಿ ಮತ್ತು ಫ್ಯಾಷನ್’ ಎಂಬರ್ಥದ ತಮ್ಮ ಗ್ರಂಥದಲ್ಲಿ ಅವರು ಸಂಗೀತಕ್ಕೆ ಕೆಲವು ಮೂಲನಿಯಮಗಳುಂಟೆಂದೂ, ಅವು ಒಬ್ಬ ವ್ಯಕ್ತಿಯ ಸೃಷ್ಟಿಯಲ್ಲವಾದುದರಿಂದ ಒಬ್ಬ ವ್ಯಕ್ತಿಯ ಇಚ್ಛೆಯಿಂದ ರದ್ದಾಗಲಾರವೆಂದೂ ವಾದಿಸಿದರು.

ಈ ವಾದವು ಕರ್ಣಾಟಕ ಸಂಗೀತವನ್ನು ಬಲ್ಲವರಿಗೆ ಅಪರಿಚಿತವೆನಿಸದು. ಗಾಯಕನು ರಾಗವನ್ನು ಎಷ್ಟು ದೂರ ವಿಸ್ತರಿಸಿದರೂ ಆಧಾರಷಡ್ಜವು ತಂಬೂರಿಯಲ್ಲಿ ಮಿಡಿಯುತ್ತಲೇ ಇರುತ್ತದೆ. ಆ ನೆಲೆ ಇರುವುದರಿಂದಲೇ ದೂರ ಹೋಗುವುದಕ್ಕೆ ಅರ್ಥ ಬರುತ್ತದೆ. ಸ್ವರಗಳು ಒಂದು ಕೇಂದ್ರದಿಂದ ಹೊರಟು ಆ ಕೇಂದ್ರಕ್ಕೆ ಮರಳಬೇಕೆಂಬುದೇ ಮೆಟ್ನರ್ ಅವರ ನಿಲುವಿನ ತಿರುಳು. ಆದರೆ ಅವರನ್ನು ಹಳೆಯದರ ಅನುಕರಣಕಾರರೆಂದು ತಿಳಿಯುವುದು ತಪ್ಪು. ಒಂದು ಕೈಯಲ್ಲಿ ತಿಶ್ರದ ನಡೆ, ಇನ್ನೊಂದು ಕೈಯಲ್ಲಿ ಚತುರಶ್ರದ ನಡೆ ಏಕಕಾಲದಲ್ಲಿ ಸಾಗಿದರೆ ಹೇಗೋ ಅಂತಹ ಲಯದ ಹೆಣಿಗೆಯನ್ನೂ, ಎರಡು ಮೂರು ಸ್ವರಪಂಕ್ತಿಗಳು ಪರಸ್ಪರ ಉತ್ತರ ಕೊಡುತ್ತ ಒಟ್ಟಿಗೆ ನಡೆಯುವ ನೇಯ್ಗೆಯನ್ನೂ ಅವರು ಅಪೂರ್ವವಾದ ಸೂಕ್ಷ್ಮತೆಗೆ ಒಯ್ದರು. ಮೊದಲ ಸಲ ಕೇಳಿದವರಿಗೆ ಅದು ಶುಷ್ಕವೆನಿಸುವುದುಂಟು. ಅದರ ರಸವು ದ್ರಾಕ್ಷಾಪಾಕದ್ದಲ್ಲ, ನಾರಿಕೇಳಪಾಕದ್ದು. ಚಿಪ್ಪನ್ನು ಒಡೆದವನಿಗೆ ಮಾತ್ರ ತಿಳಿನೀರು.

ಪ್ರವಾಹಕ್ಕೆ ಎದುರಾದವರಿಗೆ ಒದಗುವ ಕಷ್ಟವು ಅವರಿಗೂ ಒದಗಿತು. ರಷ್ಯದ ಕ್ರಾಂತಿಯ ಅನಂತರ 1921ರಲ್ಲಿ ಅವರು ತಾಯ್ನಾಡನ್ನು ತೊರೆದರು. ಜರ್ಮನಿಯಲ್ಲಿಯೂ ಫ್ರಾನ್ಸಿನಲ್ಲಿಯೂ ಅವರ ಸಂಗೀತಕ್ಕೆ ಹೆಚ್ಚಿನ ಆದರ ದೊರೆಯಲಿಲ್ಲ. ಸಮಕಾಲೀನ ಮಹಾವಾದಕರಾದ ರಖ್ಮಾನಿನೋವ್ ಮಾತ್ರ ಕೊನೆಯವರೆಗೂ ಆಪ್ತಮಿತ್ರರಾಗಿ ನಿಂತರು. ಮೆಟ್ನರ್ ತಮ್ಮ ಎರಡನೆಯ ಕನ್ಚೆರ್ಟೊವನ್ನು ರಖ್ಮಾನಿನೋವರಿಗೂ, ರಖ್ಮಾನಿನೋವ್ ತಮ್ಮ ನಾಲ್ಕನೆಯದನ್ನು ಮೆಟ್ನರರಿಗೂ ಅರ್ಪಿಸಿದ್ದು ಆ ಸ್ನೇಹಕ್ಕೆ ಸಾಕ್ಷಿ. 1930ರ ದಶಕದ ನಡುವೆ ಮೆಟ್ನರ್ ದಂಪತಿಗಳು ಲಂಡನ್ನಿನಲ್ಲಿ ನೆಲೆಸಿದರು. ಎರಡನೆಯ ಮಹಾಯುದ್ಧವು ಆರಂಭವಾಗಲು ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತಿತು. ಬಾಂಬುಗಳ ದಾಳಿಯ ದಿನಗಳಲ್ಲಿ ಶಿಷ್ಯೆ ಎಡ್ನಾ ಐಲ್ಸ್ ಅವರ ಕುಟುಂಬದವರು ಆ ವೃದ್ಧ ದಂಪತಿಗಳಿಗೆ ಆಸರೆಯಿತ್ತರು. ಹೃದ್ರೋಗದಿಂದ ಜರ್ಝರಿತರಾಗಿದ್ದರೂ ಮೆಟ್ನರ್ ಅಲ್ಲಿಯೇ ತಮ್ಮ ಮೂರನೆಯ ಕನ್ಚೆರ್ಟೊವನ್ನು ಪೂರ್ಣಗೊಳಿಸಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ತಾವೇ ನುಡಿಸಿದರು. ಅಭಿಜ್ಞರು ಮೆಚ್ಚಿದರು, ಜೀವನ ಮಾತ್ರ ಹಿಂದಿನಂತೆಯೇ ಇತ್ತು.

ಇದೇ ಕಾಲಕ್ಕೆ ಮೈಸೂರಿನ ಸಿಂಹಾಸನದಲ್ಲಿದ್ದವರು ಶ್ರೀ ಜಯಚಾಮರಾಜೇಂದ್ರ ಒಡೆಯರು. 1919ರ ಜುಲೈ 18ರಂದು ಜನಿಸಿದ ಅವರಿಗೆ ಬಾಲ್ಯದಿಂದಲೂ ಪಿಯಾನೊ ಪ್ರಿಯವಾದ ವಾದ್ಯ. ರಖ್ಮಾನಿನೋವರಲ್ಲಿ ಶಿಷ್ಯವೃತ್ತಿ ಮಾಡಿ ಸಭಾವಾದಕರಾಗಬೇಕೆಂಬ ಹಂಬಲ ಅವರಲ್ಲಿತ್ತು. 1940ರ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ, ಅದೇ ವರ್ಷದ ಆಗಸ್ಟಿನಲ್ಲಿ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಸ್ವರ್ಗಸ್ಥರಾದರು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ರಾಜ್ಯಭಾರವು ಹೆಗಲೇರಿತು. ಪಿಯಾನೊ ವಾದಕನಾಗುವ ಆಸೆ ಅಲ್ಲಿಗೆ ಮುಗಿಯಿತು. 1943ರಲ್ಲಿ ರಖ್ಮಾನಿನೋವರೂ ಕಾಲವಾದರು. ಆದರೆ ಅರಸರ ವಿದ್ಯಾವ್ಯಾಸಂಗವು ನಿಲ್ಲಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಸದಸ್ಯರನ್ನಾಗಿ ಆರಿಸಿತು. ಅರಮನೆಯಲ್ಲಿ ಧ್ವನಿಮುದ್ರಿಕೆಗಳ ಮಹಾಭಂಡಾರವೇ ನೆರೆದಿತ್ತು. ಆ ಭಂಡಾರದಲ್ಲಿ ಮೆಟ್ನರರ ದೊಡ್ಡ ಕೃತಿಗಳು ಇರಲಿಲ್ಲ. ಏಕೆಂದರೆ ಅವುಗಳನ್ನು ಮುದ್ರಿಸಲು ಯಾವ ಕಂಪನಿಯೂ ಮುಂದೆ ಬಂದಿರಲಿಲ್ಲ.

ಇಲ್ಲದ್ದನ್ನು ಇರಿಸಲು ಅರಸರು ನಿರ್ಧರಿಸಿದರು. ಅವರ ಧನಸಹಾಯದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿಯು ಸ್ಥಾಪಿತವಾಯಿತು. ರಚಿಸಿದವರ ಕೈಯಿಂದಲೇ ಕೃತಿಗಳನ್ನು ನುಡಿಸಿ ಮುದ್ರಿಸುವುದು ಅದರ ಉದ್ದೇಶ. 1947ರಲ್ಲಿ ಅರುವತ್ತೇಳು ವರ್ಷದ ರೋಗಿಯಾದ ಮೆಟ್ನರ್ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ತಮ್ಮ ಮೂರು ಕನ್ಚೆರ್ಟೊಗಳನ್ನೂ ನುಡಿಸಿದರು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು ನಾಲ್ಕು ನಿಮಿಷಗಳ ಸಂಗೀತ. ಅರ್ಧಗಂಟೆಯನ್ನು ಮೀರುವ ಕೃತಿಯನ್ನು ತುಂಡುತುಂಡಾಗಿ ನುಡಿಸಿ, ಪ್ರತಿ ತುಂಡಿನಲ್ಲಿಯೂ ಅದೇ ಕಾವನ್ನು ಉಳಿಸಿಕೊಳ್ಳಬೇಕಾಗಿತ್ತು. ಕೈ ತಪ್ಪಿದರೆ ಆ ಮಗ್ಗುಲನ್ನೇ ಮತ್ತೆ ಮೊದಲಿನಿಂದ ನುಡಿಸಬೇಕು. ಯುವಕರಿಗೂ ಆಯಾಸಕರವಾದ ಈ ಕಾರ್ಯವನ್ನು ಆ ವೃದ್ಧರು ವರ್ಷಗಟ್ಟಲೆ ನಡೆಸಿದರು. ಸೊನಾಟಾಗಳು, ಕಥೆಗಳು, ಸುಪ್ರಸಿದ್ಧ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದ ಗೀತೆಗಳು, ದಶಕಗಳ ಕಾಲ ತಿದ್ದಿ ತೀಡಿ 1949ರಲ್ಲಿ ಮುಗಿಸಿದ ಪಂಚವಾದ್ಯಕೃತಿ ಇವು ಕ್ರಮವಾಗಿ ಮುದ್ರಿತವಾಗಿ, ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯಿಂದ ಮೂರು ಸಂಪುಟಗಳಾಗಿ ಹೊರಬಂದವು. ಮೂರನೆಯ ಕನ್ಚೆರ್ಟೊವು ಮೈಸೂರಿನ ಮಹಾರಾಜರಿಗೆ ಅರ್ಪಿತವಾಯಿತು. 1951ರ ನವೆಂಬರ್ 13ರಂದು ಮೆಟ್ನರ್ ಲಂಡನ್ನಿನಲ್ಲಿ ಕೊನೆಯುಸಿರೆಳೆದರು. ಧ್ವನಿಮುದ್ರಣವು ಐದು ವರ್ಷ ತಡವಾಗಿದ್ದರೆ ಕೈತಪ್ಪುತ್ತಿದ್ದುದು ಎಷ್ಟೆಂಬುದನ್ನು ಊಹಿಸಬಹುದು.

ಇಲ್ಲಿ ನ್ಯಾಯವಾದ ಒಂದು ಪ್ರಶ್ನೆಯನ್ನು ಎತ್ತಬಹುದು. 1947 ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ಚಳವಳಿ ನಡೆದ ವರ್ಷ. ಸಂಸ್ಥಾನದಲ್ಲಿ ಶಾಲೆ, ಕೆರೆ, ಆಸ್ಪತ್ರೆಗಳಿಗೆ ಹಣ ಬೇಕಾಗಿದ್ದಾಗ ಲಂಡನ್ನಿನ ಸಂಗೀತಕ್ಕೆ ಅರಮನೆಯ ಹಣವು ಹರಿದುದು ಯುಕ್ತವೇ? ಮೆಟ್ನರರಿಗಷ್ಟೇ ಅಲ್ಲ, 1945ರಲ್ಲಿ ಹುಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ಕೊಡಲು ಅರಸರು ಒಪ್ಪಿದರೆಂದು ಅದರ ಸಂಸ್ಥಾಪಕ ವಾಲ್ಟರ್ ಲೆಗ್ ಬರೆದಿದ್ದಾರೆ. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಅವರ ‘ನಾಲ್ಕು ಕೊನೆಯ ಹಾಡುಗಳು’ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದುದಕ್ಕೂ ಮೈಸೂರಿನ ನೆರವೇ ಕಾರಣ. ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ರಾಜಾಶ್ರಯವೆಂಬುದು ನಾಡಿನ ಎಲ್ಲೆಗೆ ಕಟ್ಟುಬಿದ್ದುದಲ್ಲವೆಂಬ ಮಾತೂ ಅಷ್ಟೇ ನಿಜ. ತಂಜಾವೂರು, ವಿಜಯನಗರ, ಮೈಸೂರುಗಳ ಆಸ್ಥಾನಗಳು ಪರಸ್ಥಳದ ವಿದ್ವಾಂಸರಿಗೆ ಆಶ್ರಯವಿತ್ತದ್ದರಿಂದಲೇ ದಕ್ಷಿಣದ ಸಂಗೀತವು ಬೆಳೆಯಿತು. ಜಯಚಾಮರಾಜರು ಆ ಪದ್ಧತಿಯನ್ನೇ ಸಮುದ್ರದಾಚೆಗೆ ವಿಸ್ತರಿಸಿದರು. ಕೊಟ್ಟದ್ದು ಸಾರ್ಥಕವಾಯಿತೇ ಎಂಬುದನ್ನು ಫಲದಿಂದ ಅಳೆಯಬೇಕು.

ಫಲವು ಒಡನೆ ಕಾಣಲಿಲ್ಲ. ಮೆಟ್ನರರ ಮಾದರಿಯಲ್ಲಿ ರಚಿಸುವ ಶಿಷ್ಯಸಂತತಿಯು ಬೆಳೆಯಲಿಲ್ಲ. ಅವರ ಪ್ರಭಾವವು ಮುಖ್ಯವಾಗಿ ವಾದಕರ ಮೂಲಕ ಹರಿಯಿತು. ಭಾರತೀಯ ಪಾರಸಿ ತಂದೆಯ ಮಗನಾಗಿ ಇಂಗ್ಲೆಂಡಿನಲ್ಲಿ ಬೆಳೆದ ಸಂಗೀತಕಾರ ಸೊರಾಬ್ಜಿಯವರು ಬಹಳ ಮೊದಲೇ ಅವರ ಹಿರಿಮೆಯನ್ನು ಬರೆದು ಸಾರಿದ್ದರು. ಮೆಟ್ನರರ ಪತ್ನಿ ಆನ್ನಾ 1958ರಲ್ಲಿ ಸೋವಿಯತ್ ರಷ್ಯಕ್ಕೆ ಮರಳಿದ ತರುವಾಯ, 1959ರಿಂದ 1963ರವರೆಗೆ ಮಾಸ್ಕೋದಲ್ಲಿ ಅವರ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಪ್ರಕಟವಾದವು. ದೇಶ ಬಿಟ್ಟವರ ಸಂಗೀತವು ದೇಶಕ್ಕೆ ಮರಳಿತು. ಮಹಾವಾದಕ ಎಮಿಲ್ ಗಿಲೆಲ್ಸ್ ‘ಮರೆತ ಗೀತಗಳು’ ಎಂಬ ಮಾಲಿಕೆಯ ನೆನಪಿನ ಸೊನಾಟಾವನ್ನು ನುಡಿಸಿ ಅದಕ್ಕೆ ಹೊಸ ಬಾಳು ಕೊಟ್ಟರು. ಇಂಗ್ಲೆಂಡಿನ ಹೇಮಿಶ್ ಮಿಲ್ನ್, ಆಸ್ಟ್ರೇಲಿಯದ ಜೆಫ್ರಿ ಟೋಜರ್, ರಷ್ಯದ ದೆಮಿದೆಂಕೊ ಮತ್ತು ಬೆರೆಜೋವ್‌ಸ್ಕಿ ಮೊದಲಾದವರು ಮುಂದಿನ ತಲೆಮಾರುಗಳಲ್ಲಿ ಈ ಸಂಗೀತವನ್ನು ಕೈಗೆತ್ತಿಕೊಂಡರು. ಕೆನಡದ ಮಾರ್ಕ್-ಆಂದ್ರೆ ಹಾಮ್ಲಾಂ ಹದಿನಾಲ್ಕು ಸೊನಾಟಾಗಳನ್ನೂ ನುಡಿಸಿದ ಧ್ವನಿಮುದ್ರಿಕೆಯು 1998ರಲ್ಲಿ ಬಂದಿತು. ಮೈಸೂರಿನ ಹಣದಿಂದಾದ ಹಳೆಯ ತಟ್ಟೆಗಳೂ ಹೊಸ ತಂತ್ರದ ಅಡಕಮುದ್ರಿಕೆಗಳಾಗಿ ಮತ್ತೆ ಹೊರಬಂದವು. ಇಂದು ಮೆಟ್ನರರನ್ನು ನುಡಿಸಲು ಹೊರಟ ವಾದಕನಿಗೆ ರಚಿಸಿದವರೇ ಹೇಗೆ ನುಡಿಸಿದರೆಂದು ಕೇಳಿ ತಿಳಿಯುವ ಭಾಗ್ಯವಿದೆ. ಎಷ್ಟೋ ಮಹಾಕೃತಿಕಾರರ ವಿಷಯದಲ್ಲಿ ಈ ಭಾಗ್ಯವಿಲ್ಲ.

ಪಾಶ್ಚಾತ್ಯ ಸಂಗೀತದಲ್ಲಿ ಇಷ್ಟು ಆಸಕ್ತರಾದ ಅರಸರು ಸ್ವಂತ ಪರಂಪರೆಯನ್ನು ಮರೆಯಲಿಲ್ಲ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣಾಭ್ಯಾಸ ಮಾಡಿ, ಮೈಸೂರು ವಾಸುದೇವಾಚಾರ್ಯರಂತಹ ಹಿರಿಯರ ಮಾರ್ಗದರ್ಶನವನ್ನು ಪಡೆದು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಗಂಭೀರನಾಟ ರಾಗದ ‘ಶ್ರೀ ಜಾಲಂಧರ’ ಕೃತಿಯು ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತದೆ. ಅಪೂರ್ವ ರಾಗಗಳಲ್ಲಿ ಕೃತಿಗಳನ್ನು ರಚಿಸಿದರೂ ಅವರು ಸಂಪ್ರದಾಯದ ಚೌಕಟ್ಟನ್ನು ಮೀರಲಿಲ್ಲ. ಎರಡು ಸಂಗೀತಗಳನ್ನು ಬಲ್ಲವರಾಗಿಯೂ ಎರಡನ್ನೂ ಬೆರೆಸಿ ಮೂರನೆಯದೊಂದನ್ನು ಮಾಡಲು ಹೋಗಲಿಲ್ಲ. ಒಂದೊಂದನ್ನೂ ಅದರದರ ನೆಲೆಯಲ್ಲಿಯೇ ಗೌರವಿಸಿದರು. ನಿಯಮನಿಷ್ಠರಾದ ರಷ್ಯದ ವಾಗ್ಗೇಯಕಾರರು ಅವರ ಮನಸ್ಸಿಗೆ ಹತ್ತಿರವಾದುದಕ್ಕೆ ಈ ಸಮಾನಧರ್ಮವೂ ಒಂದು ಕಾರಣವಾಗಿರಬಹುದು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಹಾದಿಯಲ್ಲಿ ನಡೆಯುವವರಿಗೆ ಬೌದ್ಧವಿಹಾರಗಳ ದೀರ್ಘ ಕಹಳೆಗಳ ಗಂಭೀರನಾದವು ಕೇಳಿಬರುತ್ತದೆ. 1960ರಲ್ಲಿ ಅಂದಿನ ಮೈಸೂರು ರಾಜ್ಯಸರ್ಕಾರವು ಟಿಬೆಟ್ಟಿನ ನಿರಾಶ್ರಿತರಿಗೆ ಇಲ್ಲಿ ಭೂಮಿಯನ್ನು ಕೊಟ್ಟಿತು. ಮರುವರ್ಷ ಅವರು ಕಾಡನ್ನು ಕಡಿದು ನೆಲೆಸತೊಡಗಿದರು. ಆ ನಿರ್ಧಾರವು ಪ್ರಜಾಸರ್ಕಾರದ್ದು. ರಾಜ್ಯಪಾಲರ ಪೀಠದಲ್ಲಿದ್ದವರು ಮಾತ್ರ ಅದೇ ಜಯಚಾಮರಾಜೇಂದ್ರ ಒಡೆಯರು. ನಾಡನ್ನು ಕಳೆದುಕೊಂಡವರು ತಮ್ಮ ನಾದವನ್ನು ಕಳೆದುಕೊಳ್ಳಬಾರದೆಂಬ ವಿವೇಕವು ಮೈಸೂರಿನಲ್ಲಿ ಅರಸೊತ್ತಿಗೆಯೊಡನೆ ಅಳಿಯಲಿಲ್ಲವೆಂಬುದಕ್ಕೆ ಬೈಲಕುಪ್ಪೆಯೇ ನಿದರ್ಶನ.

1974ರ ಸೆಪ್ಟೆಂಬರ್ 23ರಂದು ಮಹಾರಾಜರು ಕಾಲವಶರಾದರು. ಮೆಟ್ನರರ ಸೊನಾಟಾಗಳು ಜಗತ್ತಿನ ಸಭಾಂಗಣಗಳಲ್ಲಿ ಮತ್ತೆ ಮೊಳಗಿದ ದಿನಗಳನ್ನು ಅವರು ಪೂರ್ತಿಯಾಗಿ ಕಾಣಲಿಲ್ಲ. ವಿದ್ಯೆಗಾಗಿ ಕೊಟ್ಟ ದಾನದ ಲಕ್ಷಣವೇ ಅದು. ಅನ್ನದಾನದ ತೃಪ್ತಿಯನ್ನು ದಾನಿಯು ಉಂಡವರ ಮುಖದಲ್ಲಿ ಅಂದೇ ಕಾಣುತ್ತಾನೆ. ವಿದ್ಯೆಗೆ ಕೊಟ್ಟವನು ಮಾವಿನ ಸಸಿಯನ್ನು ನೆಟ್ಟ ಮುದುಕನಂತೆ, ನೆರಳನ್ನು ಕಂಡರೆ ಕಂಡಾನು, ಹಣ್ಣು ಮೊಮ್ಮಕ್ಕಳಿಗೆ. ಮೈಸೂರಿನಿಂದ ಹೋದ ಸಹಾಯವು ಹಣ್ಣಾದದ್ದು ಮಾಸ್ಕೋದಲ್ಲಿ, ಲಂಡನ್ನಿನಲ್ಲಿ, ಕೆನಡದಲ್ಲಿ. ಮೂರನೆಯ ಕನ್ಚೆರ್ಟೊದ ಮೊದಲ ಪುಟದಲ್ಲಿ ಮೈಸೂರಿನ ಹೆಸರು ಇಂದಿಗೂ ಅಚ್ಚಾಗಿ ನಿಂತಿದೆ.