ಪರಸ್ಥಳದಿಂದ ಬಂದ ಕಾರ್ಪೊರೇಟರ್

“ನಾವು ಹೊರಗಿನಿಂದ ಬಂದವರು, ಈ ಊರಿನ ಕಾರಭಾರದಲ್ಲಿ ನಮಗೇನು ಕೆಲಸ?” ಎಂಬ ಮಾತು ನಮ್ಮ ವಾಚನಾಲಯದ ಕಟ್ಟೆಯ ಮೇಲೆ ಆಗಾಗ ಬರುತ್ತದೆ. ನಳಕ್ಕೆ ನೀರು ಬಾರದಿದ್ದರೂ, ಗಟಾರ ತುಂಬಿ ಹರಿದರೂ ನಮ್ಮವರು ಸುಮ್ಮನಿರುವುದಕ್ಕೆ ಇದೇ ಕಾರಣ. ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ನನಗೂ ಬಹುದಿನ ಹಾಗೆಯೇ ಅನ್ನಿಸಿತ್ತು. ಆದುದರಿಂದ, ಹೊರಗಿನಿಂದ ಬಂದೇ ಮುಂಬಯಿ ಕಾರ್ಪೊರೇಶನ್ನಿನಲ್ಲಿ ಕುಳಿತ ನಮ್ಮ ಕಡೆಯವರೊಬ್ಬರ ಸಂಗತಿಯನ್ನು ವಾಚಕರ ಮುಂದಿಡುತ್ತೇನೆ.

ಜಾರ್ಜ್ ಫರ್ನಾಂಡಿಸರು 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ; ಕನ್ನಡ, ತುಳು ಚೆನ್ನಾಗಿ ಬಲ್ಲವರು. ಪಾದ್ರಿಯಾಗಲೆಂದು ಮನೆಯವರು ಬೆಂಗಳೂರಿಗೆ ಕಳಿಸಿದರೆ, ಅದು ಒಗ್ಗದೆ ಬಿಟ್ಟು ಬಂದರು. 1949ರಲ್ಲಿ ಮುಂಬಯಿಗೆ ಬಂದಾಗ ಕೆಲಸವೂ ಇಲ್ಲ, ಸೂರೂ ಇಲ್ಲ. ಚೌಪಾಟಿಯ ಬೆಂಚಿನ ಮೇಲೆ ಮಲಗಿದರೆ ನಡುರಾತ್ರಿ ಪೊಲೀಸನು ಬಂದು ಎಬ್ಬಿಸುತ್ತಿದ್ದನೆಂದು ಅವರೇ ಹೇಳಿಕೊಂಡದ್ದುಂಟು. ಆಮೇಲೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಬಂದರಿನ ಕಾರ್ಮಿಕರ ಮುಖಂಡ ಪಿ. ಡಿಮೆಲ್ಲೋ ಅವರ ಕೈಕೆಳಗೆ ಸಂಘಟನೆಯ ಪಾಠವಾಯಿತು. ಡಿಮೆಲ್ಲೋ 1958ರಲ್ಲಿ ತೀರಿಕೊಂಡರು. ಟ್ಯಾಕ್ಸಿ ಚಾಲಕರು, ಹೋಟೆಲಿನ ಹುಡುಗರು, ನಗರದ ಕಸ ಎತ್ತುವವರು—ಇಂಥವರ ಸಂಘಗಳಲ್ಲಿ ಫರ್ನಾಂಡಿಸರ ಹೆಸರು ಮನೆಮಾತಾಯಿತು.

1961ರಲ್ಲಿ ಅವರು ಕಾರ್ಪೊರೇಶನ್ನಿಗೆ ಆರಿಸಿ ಬಂದರು. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮುಂಬಯಿ ಕಾರ್ಪೊರೇಶನ್ನಿನ ಮೂಲ ಕಾಯಿದೆ 1888ರದು. ಆ ಕಾಲದಲ್ಲಿ ಕರ ಕಟ್ಟುವ ಅನುಕೂಲಸ್ಥರಿಗಷ್ಟೇ ಮತ. ವಯಸ್ಕರೆಲ್ಲರಿಗೂ ಮತದ ಹಕ್ಕು ಬಂದು ಚುನಾವಣೆ ನಡೆದದ್ದು 1948ರಲ್ಲಿ. ಅಂದಿನಿಂದ ಚಾಳಿನ ಖೋಲಿಯಲ್ಲಿ ಇರುವವನಿಗೂ ಮಲಬಾರ್ ಹಿಲ್ಲಿನ ಸಾಹುಕಾರನಿಗೂ ಒಂದೊಂದೇ ಮತ. ಇದಿಲ್ಲದಿದ್ದರೆ ಹಮಾಲರ ಮುಖಂಡನು ಆ ಸಭೆಯ ಬಾಗಿಲನ್ನೂ ದಾಟುತ್ತಿರಲಿಲ್ಲ. ನೀರು, ಬಸ್ಸು, ದವಾಖಾನೆ, ಶಾಲೆ ಎಲ್ಲವೂ ಆ ಸಭೆಯ ಕೈಯಲ್ಲೇ. ಕನ್ನಡ ಶಾಲೆಗಳನ್ನು ನಡೆಸಿದ್ದೂ ಅದೇ ಕಾರ್ಪೊರೇಶನ್ ಎಂಬುದನ್ನು ಮರೆಯಬಾರದು.

ಸಾಗರದಾಚೆಯಲ್ಲೂ ಇಂಥದು ನಡೆದಿತ್ತು. ಜರ್ಮನಿಯ ಮ್ಯೂನ್‌ಸ್ಟರಿನಲ್ಲಿ ಹುಟ್ಟಿದ ಹೆನ್ರಿ ಓವರ್‌ಸ್ಟೋಲ್ಜ್ 1876ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಮೇಯರಾದನು. ಆದರೆ ಆ ಊರಿನಲ್ಲಿ ಜರ್ಮನರ ಸಂಖ್ಯೆಯೇ ದೊಡ್ಡದು. ಅವರ ಭಾಷೆಯ ಪತ್ರಿಕೆಗಳೂ ಇದ್ದವು. ಮುಂಬಯಿಯ ಮಂಗಳೂರಿಗರಿಗೆ ಅಂಥ ಬಲವೆಲ್ಲಿ? ಫರ್ನಾಂಡಿಸರಿಗೆ ಮತ ಬಂದದ್ದು ಊರಿನ ಹೆಸರಿನಿಂದಲ್ಲ, ಸಂಘದ ಹೆಸರಿನಿಂದ.

ಅದರ ಪರೀಕ್ಷೆ 1967ರಲ್ಲಿ ಆಯಿತು. ಎಂಟು ತಿಂಗಳ ಹಿಂದೆ, 1966ರ ಜೂನಿನಲ್ಲಿ, ಶಿವಸೇನೆ ಹುಟ್ಟಿ ದಕ್ಷಿಣದವರ ವಿರುದ್ಧ ಕೂಗು ಎದ್ದಿತ್ತು. ಅಂಥ ಹೊತ್ತಿನಲ್ಲಿ ಮಂಗಳೂರಿನ ಈ ಕಾರ್ಪೊರೇಟರು ದಕ್ಷಿಣ ಮುಂಬಯಿಯಿಂದ ಲೋಕಸಭೆಗೆ ನಿಂತರು. ಎದುರಾಳಿ ಸ. ಕಾ. ಪಾಟೀಲರು ಮೂರು ಸಲ ಮೇಯರಾಗಿದ್ದವರು, ರೇಲ್ವೆ ಮಂತ್ರಿಗಳು. ಅವರನ್ನು ಸೋಲಿಸುವುದು ನಿಮ್ಮ ಕೈಯಲ್ಲಿದೆ ಎಂದು ಗೋಡೆಗೋಡೆಗೂ ಪ್ರಚಾರವಾಯಿತು. ಫರ್ನಾಂಡಿಸರು ಶೇಕಡಾ 48ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಮುಂಬಯಿ ಮಹಾರಾಷ್ಟ್ರಕ್ಕೆ ಸೇರುವುದನ್ನು ಪಾಟೀಲರು ವಿರೋಧಿಸಿದ್ದರೆಂಬ ಸಿಟ್ಟು ಮರಾಠಿ ಜನರಲ್ಲಿತ್ತು. ಗೆಲುವಿನಲ್ಲಿ ಅದರ ಪಾಲೂ ಉಂಟೆಂದು ಒಪ್ಪಬೇಕು. ಬಂದ್ ಮಾಡಿಸಿ ಬಡವರ ದಿನಗೂಲಿಯನ್ನೇ ಕಳೆದರೆಂಬ ಆಕ್ಷೇಪವೂ ಅವರ ಮೇಲಿತ್ತು. ಅದನ್ನು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಲೋಕಸಭೆಗೆ ಹೋದ ಮೇಲೂ 1968ರ ತನಕ ಕಾರ್ಪೊರೇಶನ್ನಿನ ಸದಸ್ಯತ್ವ ಬಿಡಲಿಲ್ಲ. ಮುಂದಿನ ರೇಲ್ವೆ ಮುಷ್ಕರ, ಮಂತ್ರಿ ಪದವಿ ಎಲ್ಲರಿಗೂ ಗೊತ್ತಿರುವ ಕಥೆ. 2019ರ ಜನವರಿ 29ರಂದು ಅವರು ತೀರಿಕೊಂಡರು.

ಇನ್ನು ನಮ್ಮ ಮಾತು. ಅಮೆರಿಕಕ್ಕೆ ಹೋದ ಜರ್ಮನನು ಮೊದಲು ಅಲ್ಲಿಯ ಪ್ರಜೆಯಾಗಬೇಕಿತ್ತು. ನಮಗೆ ಆ ತೊಡಕಿಲ್ಲ. 18 ವರ್ಷ ತುಂಬಿ, ಪುಣೆಯಲ್ಲಿ ವಾಸವಿದ್ದರೆ ಇಲ್ಲಿಯ ಮತದಾರರೇ. ಆದರೆ ಒಂದೇ ಹೆಸರು ಎರಡು ಊರಿನ ಪಟ್ಟಿಯಲ್ಲಿ ಇರುವಂತಿಲ್ಲ. ನಮ್ಮಲ್ಲಿ ಬಹಳ ಜನರ ಹೆಸರು ಇನ್ನೂ ವಿಜಾಪುರ, ಕಲಬುರಗಿ ಕಡೆಯ ಹಳ್ಳಿಗಳಲ್ಲೇ ಇದೆ. ನನ್ನದೂ ಹೋದ ವರ್ಷದ ತನಕ ಅಲ್ಲಿಯೇ ಇತ್ತು. ಹೊಸದಾಗಿ ಹೆಸರು ಸೇರಿಸುವವರಿಗೆ ನಮೂನೆ 6, ಊರಿನಿಂದ ಇಲ್ಲಿಗೆ ಬದಲಾಯಿಸುವವರಿಗೆ ನಮೂನೆ 8. ತುಂಬಲು ಬಾರದವರು ರವಿವಾರ ಬೆಳಿಗ್ಗೆ ವಾಚನಾಲಯಕ್ಕೆ ಬಂದರೆ ನಾನೇ ಬರೆದುಕೊಡುತ್ತೇನೆ.