ಅಂಗಳದಲ್ಲೊಂದು ಗುಮ್ಮಟದ ಸಸಿಮನೆ

ಮಲೆನಾಡಿನಲ್ಲಿ ಸಸಿ ಎಬ್ಬಿಸುವುದು ಕಷ್ಟವಲ್ಲ. ಮಳೆಯಿಂದ ಉಳಿಸಿಕೊಳ್ಳುವುದು ಕಷ್ಟ. ಜೂನ್ ಬಂತೆಂದರೆ ಮೆಣಸಿನ ಬಳ್ಳಿಯ ತೊಟ್ಟೆಗಳಲ್ಲಿ ನೀರು ನಿಂತು ಬುಡ ಕೊಳೆಯುತ್ತದೆ. ಸೋಗೆಯ ಚಪ್ಪರ ಬಿಸಿಲನ್ನು ತಡೆದೀತೇ ಹೊರತು ಮಳೆಯನ್ನಲ್ಲ. ದೊಡ್ಡ ಪಾಲಿಹೌಸ್ ಸಣ್ಣ ಹಿಡುವಳಿದಾರರಿಗೆ ಕೈಗೆಟುಕದು. ಆದುದರಿಂದ ನಮ್ಮ ಅಂಗಳದಲ್ಲಿ ಕಟ್ಟಿಕೊಂಡ ಗುಮ್ಮಟದ ವಿವರವನ್ನು ಸದಸ್ಯ ಬಾಂಧವರ ಉಪಯೋಗಕ್ಕಾಗಿ ಕೊಡುತ್ತಿದ್ದೇನೆ.

ಇದರ ಹೆಸರು ಜಿಯೋಡೆಸಿಕ್ ಗುಮ್ಮಟ. ಅಮೆರಿಕದ ಬಕ್‌ಮಿನ್‌ಸ್ಟರ್ ಫುಲ್ಲರ್ 1954ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಚೌಕ ಒತ್ತಿದರೆ ಓರೆಯಾಗುತ್ತದೆ, ತ್ರಿಕೋನ ಆಗದು. ಇಡೀ ಗುಮ್ಮಟ ತ್ರಿಕೋನಗಳದ್ದೇ ಆದುದರಿಂದ ನಡುಗಂಬ ಬೇಕಿಲ್ಲ.

4 ಮೀಟರ್ ಅಡ್ಡಳತೆ, 2 ಮೀಟರ್ ಎತ್ತರದ ಗುಮ್ಮಟಕ್ಕೆ ಎರಡೇ ಅಳತೆಯ ತುಂಡುಗಳು: 109.3 ಸೆಂ.ಮೀ.ನವು 30, 123.6 ಸೆಂ.ಮೀ.ನವು 35. ಇದು ತೂತಿನಿಂದ ತೂತಿಗಿರುವ ಅಂತರ. ಕೊಯ್ಯುವಾಗ ಎರಡೂ ತುದಿಗೆ 2 ಸೆಂ.ಮೀ. ಹೆಚ್ಚು ಬಿಡಿ. ಅರ್ಧ ಇಂಚಿನ ಜಿ.ಐ. ಪೈಪಿನ ತುದಿಗಳನ್ನು ಬಡಿದು ಚಪ್ಪಟೆ ಮಾಡಿ, ತೂತು ಕೊರೆದು, ಗಿಡ್ಡ ತುಂಡಿಗೆ 16, ಉದ್ದ ತುಂಡಿಗೆ 18 ಡಿಗ್ರಿ ಒಳಕ್ಕೆ ಬಗ್ಗಿಸಬೇಕು. ಒಟ್ಟು 26 ಗಂಟು, ಗಂಟಿಗೊಂದು ಬೋಲ್ಟು. ಐದು ತುಂಡು ಕೂಡುವ ಗಂಟುಗಳು 6. ಗಿಡ್ಡ ತುಂಡುಗಳೆಲ್ಲ ಇವಕ್ಕೇ. ಅವುಗಳ ಹೊರತುದಿಗಳನ್ನು ಉದ್ದ ತುಂಡುಗಳಿಂದ ಸೇರಿಸುತ್ತ ಹೋದರೆ ಆಕಾರ ತಾನೇ ಬರುತ್ತದೆ. ಎರಡು ಅಳತೆಗೆ ಎರಡು ಬಣ್ಣ ಬಳಿದಿಡುವುದು ಒಳ್ಳೆಯದು.

ಬುಡಕ್ಕೆ ಒಂದೂವರೆ ಅಡಿ ಕಲ್ಲಿನ ಕಟ್ಟೆ ಕಟ್ಟಿ, ಬಾಗಿಲಿಗೆ ಅಲ್ಲೇ ಜಾಗ ಬಿಡಿ. ಬಗ್ಗಿಯೇ ಒಳಹೋಗಬೇಕು. ಹೊದಿಕೆಗೆ ಬಿಸಿಲು ತಾಳುವ 200 ಮೈಕ್ರಾನ್ ಯು.ವಿ. ಹಾಳೆ. ಹಂಚು ಹೊದೆಸಿದಂತೆ ಕೆಳಗಿನಿಂದ ಆರಂಭಿಸಿ, ಮೇಲಿನ ಹಾಳೆ ಕೆಳಗಿನದರ ಮೇಲೆ ಬರುವಂತೆ ಹೊದೆಸಬೇಕು. ಇಲ್ಲದಿದ್ದರೆ ಪ್ರತಿ ಸೇರುವೆಯೂ ಸೋರುತ್ತದೆ.

ಇನ್ನು ನಾನು ಮಾಡಿದ ತಪ್ಪು. ಚಳಿದೇಶದ ಚಿತ್ರ ನೋಡಿ, ಮೊದಲ ವರ್ಷ ಗುಮ್ಮಟವನ್ನು ಪೂರ್ತಿ ಮುಚ್ಚಿಬಿಟ್ಟೆ. ಮಾರ್ಚಿಯ ಒಂದು ಮಧ್ಯಾಹ್ನ ನೋಡಿದರೆ ಬಳ್ಳಿಗಳ ಚಿಗುರೆಲ್ಲ ಬೆಂದಿತ್ತು; ಅರ್ಧಕ್ಕರ್ಧ ತೊಟ್ಟೆ ಗೊಬ್ಬರಗುಂಡಿ ಸೇರಿತು. ಅವರಿಗೆ ಬೇಕಾದುದು ಬಿಸಿ. ನಮಗೆ ಬೇಕಾದುದು ಮಳೆಯ ಮರೆ ಮತ್ತು ಗಾಳಿ. ಈಗ ತುದಿಯ 5 ತ್ರಿಕೋನಗಳಲ್ಲಿ ಒಂದು ಎತ್ತಿಡುವ ಕಿಟಕಿ. ಮಳೆ ಬಡಿಯದ ಪೂರ್ವದ ಕೆಳಸಾಲಿನ 6 ತ್ರಿಕೋನಗಳಿಗೆ ಬರೀ ಬಲೆ. ಬೇಸಿಗೆಯಲ್ಲಿ ಮೇಲೊಂದು ನೆರಳುಬಲೆ. ಅಂದಿನಿಂದ ಬಳ್ಳಿಗಳು ನಳನಳಿಸುತ್ತಿವೆ.

ಸಾವಿರಾರು ಗಿಡ ಮಾಡುವವರಿಗೆ ಕಮಾನಿನ ಪಾಲಿಹೌಸೇ ಲೇಸು. ತ್ರಿಕೋನ ಕತ್ತರಿಸುವಾಗ ಹಾಳೆ ನಷ್ಟವಾಗುತ್ತದೆ. ಮನೆಮಟ್ಟಿಗೆ ಬಳ್ಳಿ, ಮಳೆಗಾಲದ ಮೆಣಸಿನಕಾಯಿ, ಸೊಪ್ಪು ಬೆಳೆಯಲು ಗುಮ್ಮಟ ಸಾಕು. ಆಸಕ್ತರು ಬಂದು ನೋಡಬಹುದು. ಅಳತೆಕೋಲು ತರಲು ಮರೆಯದಿರಿ.

— ಕಾರ್ಯದರ್ಶಿ