ಹರಿಹರದ ಸೇತುವೆ ಆಚೆ ಮರ ಕರಗುತ್ತದೆ!

ಒಂದು ಒಗಟು. ಒಂದು ಪ್ಲೇಟ್ ಖಾರ ಮಂಡಕ್ಕಿ. ಒಂದು ಬೆಣ್ಣೆ ದೋಸೆ. ಒಂದು ಹತ್ತಿ ಪಂಚೆ. ಒಂದು ಲಾರಿ ನೀಲಗಿರಿ ದಿಮ್ಮಿ. ಈ ನಾಲ್ಕಕ್ಕೂ ಏನು ಸಂಬಂಧ? ಹೇಳಿ ನೋಡೋಣ!

ದಾವಣಗೆರೆ ಅಂದಿರಾ? ಊರಿನ ನಂಟು ಸರಿಯೇ. ಆದರೆ ನಾನು ಕೇಳುತ್ತಿರುವುದು ರಕ್ತಸಂಬಂಧ!

ಉತ್ತರ ಆಮೇಲೆ. ಮೊದಲು ಹರಿಹರಕ್ಕೆ ಬನ್ನಿ. ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಅಲ್ಲಿಗೆ ಜಿಲ್ಲೆಯೇ ಬದಲಾಗಿ ಹಾವೇರಿ ಆಗುತ್ತದೆ. ಕಾರ್ಖಾನೆಯ ಹೆಸರು ಮಾತ್ರ ಹರಿಹರದ್ದೇ: ಹರಿಹರ ಪಾಲಿಫೈಬರ್ಸ್. 1972ರಿಂದ ಅಲ್ಲಿ ಮರ ಬೇಯುತ್ತಿದೆ. ಮರ ಬೆಂದು ಏನಾಗುತ್ತದೆ?

ಕಾಗದ ಅಂದಿರಾ? ಅಲ್ಲ! ಬಟ್ಟೆ!

ಹೌದು, ಸೀರೆ ಅಂಗಡಿಯಲ್ಲಿ ನೀವು ಕೈಯಾಡಿಸಿ ನೋಡುವ ಆ ಜಾರುವ ರೇಯಾನ್ ಒಂದು ಕಾಲಕ್ಕೆ ಮರವಾಗಿತ್ತು. ಮರವನ್ನು ಯಾರು ನೂತರು? ಯಾರೂ ನೂಲಲಿಲ್ಲ. ಕರಗಿಸಿದರು!

ಇಲ್ಲಿ ಸ್ವಲ್ಪ ನಿಲ್ಲಿ. ಮರ ನೀರಿನಲ್ಲಿ ಕರಗುತ್ತದೆಯೇ? ದೋಣಿಯೇ ಕರಗುವುದಿಲ್ಲ! ಮರದಲ್ಲಿರುವ ಸೆಲ್ಯುಲೋಸ್ ಅಷ್ಟು ಹಟಮಾರಿ. ಉದ್ದುದ್ದ ಸರಪಳಿಗಳು ಒಂದರ ಪಕ್ಕ ಒಂದು ಚಾಪೆಯ ಕಡ್ಡಿಗಳ ಹಾಗೆ ಒತ್ತಾಗಿ ಮಲಗಿರುತ್ತವೆ. ನೀರಿಗೆ ನುಸುಳಲು ಜಾಗವೇ ಇಲ್ಲ.

ಮೊದಲು ಮರದ ಅಂಟನ್ನು ಬಿಡಿಸಬೇಕು. ಆ ಅಂಟಿನ ಹೆಸರು ಲಿಗ್ನಿನ್. ಕಾಸ್ಟಿಕ್ ಸೋಡ ಮತ್ತು ಗಂಧಕದ ದ್ರಾವಣದಲ್ಲಿ ಬೇಯಿಸುತ್ತಾರೆ. ಮರವನ್ನು ಹೀಗೆ ಬೇಯಿಸುವಲ್ಲೆಲ್ಲ ಕೊಳೆತ ಎಲೆಕೋಸಿನಂಥ ಒಂದು ವಾಸನೆ ಹುಟ್ಟುತ್ತದೆ. ಮೂಗು ಮುಚ್ಚಬೇಡಿ, ಕೇಳಿ! ಆ ವಾಸನೆಯ ಹಿಂದೆ ಸಾವಯವ ರಸಾಯನದ ಅತ್ಯಂತ ಚೆಂದದ ಒಂದು ಆಟವಿದೆ.

ಲಿಗ್ನಿನ್‌ನಲ್ಲಿ ಆಮ್ಲಜನಕಕ್ಕೆ ಅಂಟಿಕೊಂಡ ಒಂದು ಪುಟ್ಟ ಕಾರ್ಬನ್. ಅದರ ಮೈಮೇಲೆ ಮೂರು ಹೈಡ್ರೋಜನ್. ಎಲೆಕ್ಟ್ರಾನ್ ತುಂಬಿಕೊಂಡ ಗಂಧಕ ಬರುತ್ತದೆ. ಯಾವ ಕಡೆಯಿಂದ? ಮುಂದಿನಿಂದಲ್ಲ, ಬೆನ್ನ ಹಿಂದಿನಿಂದ! ಗಂಧಕ ಹಿಂದೆ ಅಂಟಿತು, ಮುಂದೆ ಆಮ್ಲಜನಕ ಕಳಚಿತು, ಎರಡೂ ಒಂದೇ ಉಸಿರಿನಲ್ಲಿ! ಮೂರು ಹೈಡ್ರೋಜನ್‌ಗಳು ಮಳೆಗಾಳಿಗೆ ಸಿಕ್ಕ ಕೊಡೆಯ ಹಾಗೆ ಫಟ್ಟೆಂದು ಆಚೆಗೆ ತಿರುಗಿದವು. ಶಾಲೆಯಲ್ಲಿ ಆದೇಶನ ಕ್ರಿಯೆ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದು ಇದೇ! ಹುಟ್ಟಿದ್ದು ಮೀಥೈಲ್ ಮರ್ಕ್ಯಾಪ್ಟನ್. ಗಾಳಿಯ ನೂರು ಕೋಟಿ ಅಣುಗಳಲ್ಲಿ ಒಂದೆರಡು ಇದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ. ಇದರ ಸೋದರಸಂಬಂಧಿ ನಿಮ್ಮ ಅಡುಗೆಮನೆಯಲ್ಲೇ ಇದೆ. ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಸಿಲಿಂಡರಿಗೆ ಬೆರೆಸುವುದು ಈಥೈಲ್ ಮರ್ಕ್ಯಾಪ್ಟನ್!

ಈಗ ಉಳಿದದ್ದನ್ನು ಬಿಳುಪು ಮಾಡಿದರೆ ಬಿಳಿ ತಿರುಳು. ಇನ್ನು ಮೇಲಿನದು ಕಣ್ಕಟ್ಟು!

ತಿರುಳನ್ನು ಕಾಸ್ಟಿಕ್ ಸೋಡದಲ್ಲಿ ನೆನೆಸುತ್ತಾರೆ. ಸೆಲ್ಯುಲೋಸ್‌ನ ಆಮ್ಲಜನಕ ತನ್ನ ಹೈಡ್ರೋಜನ್ ಬಿಟ್ಟುಕೊಟ್ಟು ಎಲೆಕ್ಟ್ರಾನಿನಿಂದ ತುಂಬಿ ನಿಲ್ಲುತ್ತದೆ. ಆಗ ಬರುತ್ತದೆ ಕಾರ್ಬನ್ ಡೈಸಲ್ಫೈಡ್. ಎಂಥ ಚಂಚಲ ದ್ರವ! 46 ಡಿಗ್ರಿಗೇ ಕುದಿಯುತ್ತದೆ. ದಾವಣಗೆರೆಯ ಬೇಸಿಗೆಯ ಒಂದು ಮಧ್ಯಾಹ್ನಕ್ಕೆ ಇನ್ನು ನಾಲ್ಕಾರು ಡಿಗ್ರಿ ಸೇರಿಸಿ, ಅಷ್ಟೇ! ತುಂಬಿದ ಆಮ್ಲಜನಕ ಅದರ ನಡುವಿನ ಕಾರ್ಬನ್ ಮೇಲೆ ಎರಗುತ್ತದೆ. ಸಂಕಲನ ಕ್ರಿಯೆ! ಸರಪಳಿಯ ಉದ್ದಕ್ಕೂ ಗಂಧಕದ ಗೊಂಡೆಗಳು. ಚಾಪೆ ಬಿಚ್ಚಿಕೊಂಡಿತು. ಬಿಳಿ ತಿರುಳು ಕಿತ್ತಳೆ ಬಣ್ಣಕ್ಕೆ ತಿರುಗಿ, ಜೇನುತುಪ್ಪದ ಹಾಗೆ ಹರಿಯತೊಡಗಿತು. ಮರ ಕರಗಿತು!

ಈ ಜೇನನ್ನು ಕೂದಲೆಳೆಯಷ್ಟು ಸಣ್ಣ ತೂತುಗಳಿಂದ ಸಲ್ಫ್ಯೂರಿಕ್ ಆಮ್ಲದ ತೊಟ್ಟಿಗೆ ಒತ್ತುತ್ತಾರೆ. ಶಾವಿಗೆ ಒರಳು ನೆನಪಿಸಿಕೊಳ್ಳಿ. ಆಮ್ಲ ತಾಗಿದ ಕ್ಷಣವೇ ಹೈಡ್ರೋಜನ್ ವಾಪಸ್ಸು ಬಂತು. ಗೊಂಡೆಗಳು ಉದುರಿದವು. ಕಾರ್ಬನ್ ಡೈಸಲ್ಫೈಡ್ ಹೊರಗೆ! ಒಳಗೆ ಬಂದದ್ದೇ ಹೊರಗೆ ಹೋಯಿತು.

ಹಾಗಾದರೆ ನೂಲಿನಲ್ಲಿ ಉಳಿದದ್ದೇನು? ಊಹಿಸಿ!

ಸೆಲ್ಯುಲೋಸ್! ಮರದಲ್ಲಿದ್ದದ್ದೇ! ಸರಪಳಿ ಮೊದಲಿಗಿಂತ ಗಿಡ್ಡ, ಆದರೆ ಕೊಂಡಿ ಅದೇ. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಕಂಡುಕೊಂಡ ಉಪಾಯ ಇದು. ನನಗಂತೂ ಈ ಪ್ರವೇಶ, ನಿರ್ಗಮನದಷ್ಟು ಸೊಗಸಾದ ನಾಟಕ ಬೇರೆ ಕಂಡಿಲ್ಲ. ಹೊರಬಿದ್ದ ಕಾರ್ಬನ್ ಡೈಸಲ್ಫೈಡ್ ಮಾತ್ರ ಸಾಧು ಪ್ರಾಣಿಯಲ್ಲ. ಹಿಡಿದು ಮರುಬಳಸದಿದ್ದರೆ ದುಡಿಯುವವರ ನರಗಳಿಗೇ ವಿಷ. ಕಾರ್ಖಾನೆಯ ಕೊಳೆ ನೀರು ತುಂಗಭದ್ರೆಗೆ ಸೇರುವುದರ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಇದೇ ದಂಡೆಯಲ್ಲಿ ಹೋರಾಡಿತು. ಹೋರಾಡಲೇಬೇಕಿತ್ತು.

ಈಗ ಒಗಟಿಗೆ ಬನ್ನಿ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯ ಗಿರಣಿಗಳು ನೂತ ಹತ್ತಿಯೂ ಸೆಲ್ಯುಲೋಸೇ! ಅದರ ಒಂದೊಂದು ಸರಪಳಿಯಲ್ಲಿ 10,000ದವರೆಗೂ ಮಣಿಗಳು. ಆ ಮಣಿ ಯಾವುದು? ಗ್ಲೂಕೋಸ್! ಸುಸ್ತಾದವರಿಗೆ ಬಾಟಲಿಯಲ್ಲಿ ಏರಿಸುತ್ತಾರಲ್ಲ, ಅದೇ! ಮಂಡಕ್ಕಿ, ದೋಸೆಯ ಪಿಷ್ಟ? ಅದೂ ಗ್ಲೂಕೋಸಿನ ಸರವೇ!

ಹಾಗಿದ್ದರೆ ಪಂಚೆ ಯಾಕೆ ತಿನ್ನಲಾಗದು? ಒಂದು ಕೊಂಡಿ! ಮಣಿ ಮಣಿಗೆ ಸೇರುವ ಜಾಗದಲ್ಲಿ ಒಂದೇ ಒಂದು ಕೊಂಡಿಯ ದಿಕ್ಕು ಬೇರೆ. ಪಿಷ್ಟದ ಸರ ಸುರುಳಿ ಸುತ್ತುತ್ತದೆ, ಸೆಲ್ಯುಲೋಸಿನದು ನೆಟ್ಟಗೆ ಮಲಗುತ್ತದೆ. ನಮ್ಮ ಎಂಜಲಿಗೆ ಮೊದಲನೆಯದನ್ನು ಕತ್ತರಿಸಲು ಗೊತ್ತು. ಎರಡನೆಯದರ ಮುಂದೆ ಅದರ ಕತ್ತರಿ ಆಡುವುದೇ ಇಲ್ಲ!

ಹೋಟೆಲಿನಲ್ಲಿ ಬಾಳೆಲೆಯ ಮೇಲೆ ದೋಸೆ ಬಂತು ಅಂದುಕೊಳ್ಳಿ. ಹಿಟ್ಟಿಗೆ ಮಂಡಕ್ಕಿಯೂ ಬಿದ್ದಿದೆ. ಕಾವಲಿಯ ಮೇಲೆ ಸಕ್ಕರೆಯ ಕಾರ್ಬನ್‌ಗೆ ಉದ್ದಿನ ಪ್ರೋಟೀನಿನ ಸಾರಜನಕ ಎರಗಿ, ನೀರು ಕಳಚಿ, ಕೆಂಪಗೆ ಗರಿಗರಿಯಾಗಿದೆ. ಎರಗು, ಕಳಚು: ಕುಮಾರಪಟ್ಟಣದ ಅದೇ ಆಟ! ದೋಸೆ ತಿನ್ನುತ್ತೀರಿ, ಎಲೆ ಬಿಸಾಡುತ್ತೀರಿ. ಎರಡೂ ಗ್ಲೂಕೋಸ್!

ಆದರೆ ಬೀದಿಯಲ್ಲಿ ಹಸು ಕಾದಿದೆ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳ ಹತ್ತಿರ ಎರಡನೆಯ ಕತ್ತರಿ ಇದೆ! ಕೊಂಡಿಗೆ ನೀರು ಸೇರಿಸಿ ಕತ್ತರಿಸುತ್ತವೆ. ಸರ ಗ್ಲೂಕೋಸಾಗಿ, ಗ್ಲೂಕೋಸ್ ಅಸಿಟಿಕ್ ಆಮ್ಲವಾಗುತ್ತದೆ. ಆ ಆಮ್ಲದ ತುಣುಕುಗಳನ್ನು ಎರಡೆರಡೇ ಕಾರ್ಬನ್‌ನಂತೆ ಪೋಣಿಸಿ ಹಸುವಿನ ಕೆಚ್ಚಲು ಏನು ಮಾಡುತ್ತದೆ, ಗೊತ್ತೇ?

ಹಾಲಿನ ಕೊಬ್ಬು. ಕಡೆದರೆ ಬೆಣ್ಣೆ!